ಮಗ್ಗ ಬಿಟ್ಟ ಹಾಡು

ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಅಕ್ಕ ತಮ್ಮ ಇಬ್ಬರು ನೇಕಾರರು ಕೂತಿದ್ದರು. ಬನಹಟ್ಟಿ ಹುಡುಗರ ರಾಕ್ ಬ್ಯಾಂಡಿನ ಹೊಸ ಆಲ್ಬಮ್ ಬಂದಿತ್ತು. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು ಕೇಳುತ್ತಿದ್ದರು.

"ಎಷ್ಟ ಸ್ವಚ್ಛ ಕೇಳಸ್ತೈತಿ" ಎಂದ ತಮ್ಮ.

"ಅದನ್ನ ಹೇಳಾಕತ್ತೇನಿ. ಮಗ್ಗ ಎಲ್ಲಿ ಹೋತು?"

"ಮಗ್ಗ ಕೇಳೂದಿದ್ರ ಮನ್ಯಾಗ ಕೇಳು, ಪುಕ್ಕಟ ಐತಿ."

ಹಿಂದಿನ ಆಲ್ಬಮನ್ನು ಹುಡುಗರು ಪವರ್‌ಲೂಮ್ ಶೆಡ್ಡಿನಲ್ಲೇ ರೆಕಾರ್ಡ್ ಮಾಡಿದ್ದರಂತೆ. ಪ್ರತಿ ಹಾಡಿನ ಹಿಂದೆಯೂ ಮಗ್ಗದ ಖಟಪಟ ಇತ್ತಂತೆ. ಈ ಸಲ ಸ್ಟುಡಿಯೋಕ್ಕೆ ಹೋಗಿದ್ದರು.

ಗಾಯಕ ಅವರ ಓಣಿಯವನೇ. ಅಕ್ಕ ಬಸ್ಸಿನಿಂದಲೇ ಅವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ಲೇ, ನಾಳೆ ಊರಾಗ ಹಾಡೂದಿದ್ರ ಶೆಡ್ಡಿನ್ಯಾಗ ಹಾಡ್ರಿ, ಮಗ್ಗ ಚಾಲೂ ಇಟ್ಟು. ಇಲ್ಲಂದ್ರ ನಮ್ಮ ಓಣಿಯವ್ರು ಯಾರೂ ಬರಂಗಿಲ್ಲ."

"ಅಕ್ಕಾ, ಹೊರಗಿನ ಮಂದಿ ಅದನ್ನ ಗದ್ದಲ ಅಂತಾರ."

"ಹಂಗ ಅಂದವ್ರು ಮೈಮ್ಯಾಲ ಅಂಗಿ ಅರಿವಿ ಹಾಕ್ಕೊಂಡಾರೋ ಇಲ್ಲೋ?"

"ಆತು, ಶೆಡ್ಡಿನ್ಯಾಗ ಹಾಡ್ತೀವಿ" ಎಂದ.

ಆಕೆ ನನ್ನತ್ತ ತಿರುಗಿದಳು. "ನೀವ ಹೇಳ್ರಿ ಸರ, ಮಗ್ಗ ಗದ್ದಲ ಏನ್ರಿ?"

ನಾನು ಅಂಗಿ ತೊಟ್ಟಿದ್ದೆ. ಹಾಗಾಗಿ ಅಲ್ಲ ಎಂದೆ.