ಜೀನತ್ ಮುಟ್ಟಿದ ಬಿಲ್ಲು

ನಮ್ಮೂರ ಗಾಜಿಪುರ ಓಣಿಯ ಜೀನತ್ ಇಪ್ಪತ್ತು ವರ್ಷದಿಂದ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾಳೆ. ನಮ್ಮ ಬಿಲ್ಲುಗಾರಿಕೆ ಕ್ಲಬ್ಬಿನ ಕಾಂಪೌಂಡ್ ಬಿಲ್ಲು ಒಮ್ಮೆ ಕೆಟ್ಟಾಗ ಅವಳ ಮುಂದಿಟ್ಟೆ. ಎರಡು ಚಕ್ರ, ಹಗ್ಗ ನೋಡಿ, ‘ಇದೂ ಬಿಗಿ-ಸಡಿಲಿನ ಆಟಾನ ಅದರೀ ಸರ್’ ಎಂದಳು. ಅಂದಿನಿಂದ ಬಿಲ್ಲು ಸೆಟ್ ಮಾಡುವವಳು ಅವಳೇ. ಚೌಕಟ್ಟಿಗೆ ಪೇಪರ್ ಅಂಟಿಸಿ ಹತ್ತಿರದಿಂದ ಬಾಣ ಬಿಡಿಸುತ್ತಾಳೆ. ತೂತು ದುಂಡಗಿದ್ದರೆ ಬಾಣ ನೆಟ್ಟಗಿದೆ. ಉದ್ದಕ್ಕೆ ಹರಿದರೆ ಬಾಲ ಎದ್ದಿದೆ. ಕೂದಲೆಳೆಯಷ್ಟು ತಿರುಪು ತಿರುಗಿಸಿ ಮತ್ತೆ ಬಿಡಿಸುತ್ತಾಳೆ.

ಕಮಲಾಪುರದಿಂದ ದಿನಾ ಬಸ್ಸಿಗೆ ಬರುವ ಶೀಲಾಳ ಬಿಲ್ಲಿಗೆ ಜೀನತ್ ನಾಲ್ಕು ಸಂಜೆ ಕೂತಿದ್ದಳು. ರಾಜ್ಯ ತಂಡದ ಆಯ್ಕೆಗೆ ಆ ಹುಡುಗಿಗೆ ಇದೇ ಕೊನೆಯ ವರ್ಷ, ಮುಂದೆ ವಯಸ್ಸು ಮೀರುತ್ತದೆ.

ಆಯ್ಕೆಗೆ ಎರಡು ದಿನ ಮುಂಚೆ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಬಂತು. ಅಧ್ಯಕ್ಷ ಅಂಬಣ್ಣನಿಗೆ ಬಿಲ್ಲು ಹಿಡಿಯಲು ಬರುವುದಿಲ್ಲ, ಫೋಟೊಕ್ಕೆ ನಿಲ್ಲಲು ಬರುತ್ತದೆ. ಎಲ್ಲ ಬಿಲ್ಲಿಗೂ ಕುಂಕುಮ ಬಳಿದು, ಕೆಳಚಕ್ರದ ಬಳಿ ಹಗ್ಗಕ್ಕೆ ಕಂಕಣ ಬಿಗಿದ. ಆಯ್ಕೆ ಮುಗಿಯುವ ತನಕ ಬಿಚ್ಚಬಾರದಂತೆ! ನಮ್ಮ ಮನೆಯಲ್ಲೂ ಮಿಕ್ಸಿಗೆ ಕುಂಕುಮ ಹಚ್ಚುತ್ತೇವೆ, ಬ್ಲೇಡಿಗೆ ದಾರ ಕಟ್ಟಿ ತಿರುಗಿಸುವುದಿಲ್ಲ.

ಆಯ್ಕೆಯ ದಿನ ಶೀಲಾಳ ಮೊದಲ ಆರು ಬಾಣಗಳಲ್ಲಿ ಮೂರು ಕೆಳಗೆ ಬಿದ್ದವು. ಜೀನತ್ ಓಡಿ ಬಂದಳು. ಎಳೆದಾಗಲೆಲ್ಲ ಕಂಕಣದ ಗಂಟು ಚಕ್ರದ ತೋಡಿನೊಳಗೆ ಸಿಕ್ಕುತ್ತಿತ್ತು.

‘ಹಗ್ಗ ಹಾರಿದ್ರ ಪೋರಿ ಮಾರಿ ಸೀಳ್ತದ. ಬಿಚ್ರೀ ಇದನ್ನ.’

‘ಏ, ನೀ ಮುಟ್ಟಬ್ಯಾಡ! ಅಪಶಕುನ!’ ಅಂಬಣ್ಣ ಕಿರುಚಿದ.

ಅಂಕ ಬರೆಯುತ್ತಿದ್ದ ನಾನು ಪೆನ್ನು ಕಚ್ಚಿಕೊಂಡು ಸುಮ್ಮನೆ ಕೂತೆ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆ.

‘ಕತ್ತರಿಸ್ರಿ ಆಪಾ’ ಎಂದಳು ಶೀಲಾ. ಜೀನತ್ ಕತ್ತರಿಸಿದಳು. ಉಳಿದ ಬಾಣಗಳೆಲ್ಲ ನಡುವಿಗೇ ಹೋದವು. ಆದರೂ ಎರಡು ಅಂಕದಿಂದ ಆಯ್ಕೆ ತಪ್ಪಿತು.

‘ಕಂಕಣಕ್ಕ ಅಕೀ ಕೈ ಹಚ್ಚಿದ್ಳು, ಅದಕ್ಕ ಶೀಲಾ ಸೋತ್ಳು’ ಎಂದು ಅಂಬಣ್ಣ ಜಗತ್ ಸರ್ಕಲ್ಲಿನ ಚಹಾ ಅಂಗಡಿಯಲ್ಲಿ ಸಾರಿದ. ಕೂತವರು ತಲೆ ಆಡಿಸಿದರು. ಓದಿದವರು! ಮೊದಲ ಆರು ಬಾಣ ಜೀನತ್ ಮುಟ್ಟುವ ಮುಂಚಿನವು ಎಂದು ನಾನು ಅಂಕದ ಹಾಳೆ ತೆಗೆದು ತೋರಿಸಿದೆ. ಯಾರೂ ನೋಡಲಿಲ್ಲ.

ವಾರದ ಮೇಲೆ ನಾನು ಜೀನತಳ ಅಂಗಡಿಯಲ್ಲಿದ್ದಾಗ ಶೀಲಾ ಬಿಲ್ಲಿನ ಚೀಲ ಅಪ್ಪಿಕೊಂಡು ಬಂದು ಹೊಸ್ತಿಲಲ್ಲೇ ನಿಂತಳು.

‘ಆಪಾ, ಇನ್ನ ಬಿಲ್ಲು ನಿಮ್ಮ ಕೈಯಾಗ ಕೊಡಬ್ಯಾಡ ಅಂದಾಳ್ರೀ ಅವ್ವ. ಆಣಿ ಹಾಕ್ಯಾಳ.’

ಜೀನತ್ ತಿರುಪಿನ ಕೀಲಿ ತೆಗೆದು ಶೀಲಾಳ ಅಂಗೈಯಲ್ಲಿಟ್ಟಳು.

‘ಕೊಡಬ್ಯಾಡ ಬೇಟಿ. ಅವ್ವನ ಮಾತು ಮೀರಬಾರದು. ಒಳಗ ಬಾ, ಪೇಪರ್ ಅಂಟಿಸು. ನೀನ ತಿರುಗಿಸು, ನಾ ಬಾಯಿಲೆ ಹೇಳ್ತೀನಿ.’

ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.