ಬಾಯಿ ಮುಚ್ಚಿದ ಮಾಸ್ತರನ ಪಾಟಿ

ಆಗ ನಾನು ಯಂಕಂಚಿ ಸಾಲಿಯೊಳಗ ಮಾಸ್ತರ. ಸಿಂದಗಿಗೆ ಹೋಗಿ ದವಡಿ ಹಲ್ಲು ಕೀಳಿಸಿಕೊಂಡು ಬಂದಿದ್ದೆ. ಡಾಕ್ಟರು ಬಾಯಾಗ ಹತ್ತಿ ತುರುಕಿ, "ನಾಳಿ ಮುಂಜಾನಿತನಕ ಮಾತಾಡಬ್ಯಾಡ್ರಿ, ರಕ್ತ ಹರೀತೈತಿ" ಅಂತ ತಾಕೀತು ಮಾಡಿ ಕಳಿಸಿದ್ದರು.

ನಮ್ಮ ಕಡೆ ಯಾರರ ಹಾಸಿಗಿ ಹಿಡದ್ರ ಊರ ಮಂದಿ ಬಂದು ಮಾತಾಡಿಸಿ ಹೋಗೂದು ಪದ್ಧತಿ. ಬಂದವರು ನನ್ನ ಕಣ್ಣಮುಂದನ ಚುರುಮರಿ ಸುಸಲಾ ತಿಂದು, ಚಾ ಕುಡದು, "ಯಾವ ಹಲ್ಲ್ರಿ? ಭಾಳ ನೋವಾತೇನ್ರಿ?" ಅಂತ ಕೇಳಿದ್ದನ್ನ ಮತ್ತ ಮತ್ತ ಕೇಳಿದ್ರು. ನನಗ ಹೊಟ್ಟಿ ಹಸಿದಿತ್ತು, ದವಡಿ ಸಿಡೀತಿತ್ತು, ಸಿಟ್ಟು ನೆತ್ತಿಗೇರಿತ್ತು. ಕಡೀಕೆ ಪಾಟಿ-ಬಳಪ ತಗೊಂಡು, "ಮಾತಾಡಬಾರದಂತ ಡಾಕ್ಟರು ಹೇಳ್ಯಾರ" ಅಂತ ದೊಡ್ಡ ಅಕ್ಷರದಾಗ ಬರದು ಎದಿಮ್ಯಾಲೆ ಇಟ್ಟುಕೊಂಡೆ.

ಬಾಜೂ ಮನಿ ಮಾಬುಸಾಬ ಬಂದಾ. ಪಾಟಿ ಎತ್ತಿ ಹಿಂದಮುಂದ ಹೊಳ್ಳಿಸಿ ನೋಡಿ, ತಿರುಗಿ ನನ್ನ ಕೈಯಾಗ ಕೊಟ್ಟಾ.

"ಏನ್ ಬರದೀರಿ, ಸ್ವಲ್ಪ ಓದಿ ಹೇಳ್ರಲಾ ಮಾಸ್ತರ್ರ."

ಹತ್ತಿ ಕಿತ್ತು ಒಗದೆ. "ಮಾತಾಡಬಾರದು ಅಂತ ಬರದೇನಿ, ಮಾರಾಯಾ!" ಅಂತ ಒದರಿದೆ. ರಕ್ತ ಅಂಗಿಮ್ಯಾಲೆ ಸುರೀತು.

"ಅದಕ್ಯಾಕ ಇಷ್ಟ ಸಿಟ್ಟರಿ? ಮೊದಲ ಬಾಯಿಬಿಟ್ಟು ಹೇಳಿದ್ರ ನಾ ಸುಮ್ಮನಿರ್ತಿದ್ದೆ" ಅಂದಾ.

ಇನ್ನೊಂದು ಮಾತು ಬೈಯಾಕ ಬಾಯಿ ತೆರೆದವನು ಹಂಗ ಮುಚ್ಚಿಕೊಂಡೆ. ದೊಡ್ಡವರಿಗೆ ಅಕ್ಷರ ಕಲಿಸೋ ಸಾಲಿ ನಡೆಸಿ, "ನಮ್ಮ ಓಣ್ಯಾಗ ಇವರೆಲ್ಲಾ ಓದಾಕ ಕಲಿತು ಮುಗಿಸ್ಯಾರ" ಅಂತ ಹಿಂದಿನ ತಿಂಗಳ ಸಿಂದಗಿ ಆಫೀಸಿಗೆ ಹೆಸರಿನ ಯಾದಿ ಕಳಿಸಿದವನು ನಾನ. ಅದರಾಗ ಮೊದಲನೇ ಹೆಸರು ಮಾಬುಸಾಬಂದು.