ಫೋಟೊದ ಅಂಚಿನ ಮೊಣಕೈ

ಇವತ್ತು ಬೆಳಿಗ್ಗೆ ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ. ಕರ್ಪೂರದ ಘಾಟು ಮನೆಯೆಲ್ಲ ತುಂಬಿತ್ತು. ಅಷ್ಟರಲ್ಲಿ ನಮ್ಮ ಕನ್ನಡ ಕೂಟದ ಕಾರ್ಯದರ್ಶಿಯ ಮೆಸೇಜು ಬಂತು. ನಾನು ನಿವೃತ್ತನಾದದ್ದಕ್ಕೆ ಮುಂದಿನ ಶನಿವಾರ ಸನ್ಮಾನವಂತೆ. ಅಲ್ಲಿ ಓದುವ ಪರಿಚಯವನ್ನು ಕಳಿಸಿದ್ದ. ‘ಕೆನಡಾದ ವಾಹನ ತಂತ್ರಜ್ಞಾನಕ್ಕೆ ಹೊಸ ದಿಕ್ಕು ತೋರಿದ ಹಿರಿಯ ಎಂಜಿನಿಯರ್’ ಎಂದಿತ್ತು. ಸುಳ್ಳೆಂದು ಗೊತ್ತಿದ್ದೂ ಮೂರು ಸಲ ಓದಿಕೊಂಡೆ.

“ಏನ್ರೀ, ಬಾಯಿಪಾಠ ಮಾಡ್ಲಿಕ್ಕತ್ತೀರೇನು?” ಎಂದಳು ಹೆಂಡತಿ.

ಈ ಎಣ್ಣೆಯ ವಾಸನೆ ಇಲ್ಲದಿದ್ದರೆ ನಾಲ್ಕನೆಯ ಸಲವೂ ಓದುತ್ತಿದ್ದೆನೇನೋ. ಇದು ಎತಿಯೆನ್‌ನ ವಾಸನೆ.

ಕೆನಡಾದ ಒಶಾವಾ ಊರಿನ ನಮ್ಮ ಬೀದಿಯಲ್ಲಿ ಅವನದು ಪಕ್ಕದ ಮನೆ. ಫ್ರಾನ್ಸಿನ ಯಾವುದೋ ಸಣ್ಣ ಊರಿನ ಬ್ರೆಡ್ ಮಾಡುವವನ ಮಗ. ಪ್ರಾಯದಲ್ಲಿ ಫುಟ್‌ಬಾಲನ್ನೇ ವೃತ್ತಿ ಮಾಡಿಕೊಂಡು, ಮೊಣಕಾಲು ಕೆಟ್ಟ ಮೇಲೆ ಹೆಂಡತಿಯ ಊರೆಂದು ಇಲ್ಲಿಗೆ ಬಂದವನು. ಭಾನುವಾರ ಗ್ಯಾರೇಜಿನ ಬಾಗಿಲು ಮೇಲೆತ್ತಿ, ಕುರ್ಚಿ ಹಾಕಿಕೊಂಡು, ಎಡ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂರುತ್ತಿದ್ದ. ನಾನು ಚಹಾದ ಕಪ್ಪು ಹಿಡಿದು ಹೋಗುತ್ತಿದ್ದೆ. ನನಗೆ ಆಟವೆಂದರೆ ಕ್ರಿಕೆಟ್ಟು. ಅದೂ ಕೂತು ನೋಡುವುದು. ಪಾಪ, ಅವನೇ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿತ್ತು.

ಅವನು ವಿಂಗರ್, ಅಂದರೆ ಮೈದಾನದ ಅಂಚಿನ ಗೆರೆ ಹಿಡಿದು ಓಡುವವನು. ಎದುರಾಳಿಯನ್ನು ದಾಟಿ ಮೂಲೆಯವರೆಗೆ ಹೋಗಿ, ಅಲ್ಲಿಂದ ಚೆಂಡನ್ನು ಗೋಲಿನ ಮುಂದೆ ನಿಂತವನಿಗೆ ಕೊಡಬೇಕು. ಹೊಡೆಯುವವನು ಬೇರೆ, ಹೆಸರೂ ಅವನದೇ. ನಮ್ಮ ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಎಂದುಕೊಂಡೆ. ಹನ್ನೊಂದು ವರ್ಷ ಅವನು ಎರಡನೆಯ ದರ್ಜೆಯ ತಂಡಗಳಲ್ಲಿ ಹೀಗೆ ಬಡಿಸಿದ್ದ. ದೇಶದ ತಂಡದಿಂದ ಕರೆ ಬರಲೇ ಇಲ್ಲ.

ಗ್ಯಾರೇಜಿನ ಗೋಡೆಗೆ ಪತ್ರಿಕೆಯ ಒಂದು ಹಳದಿ ತುಣುಕು ಅಂಟಿಸಿದ್ದ. ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುವಂಥ ಕೊನೆಯ ಪಂದ್ಯ. ಗೋಲು ಹೊಡೆದವನು ಕೈ ಎತ್ತಿ ಕೂಗುತ್ತಿದ್ದಾನೆ. ಫೋಟೊದ ಎಡ ಅಂಚಿನಲ್ಲಿ ಯಾರದೋ ಮೊಣಕೈ. ಎತಿಯೆನ್ ಅದರ ಮೇಲೆ ಬೆರಳಿಟ್ಟು, “ಇದು ನಾನು. ಆ ಚೆಂಡು ಕೊಟ್ಟವನು ನಾನು” ಎಂದಿದ್ದ. ಆಗ ಅವನ ಮುಖ ನೋಡಬೇಕಿತ್ತು ನೀವು.

ಒಂದು ಬೇಸಿಗೆ ಪೂರ್ತಿ ಅವನು ನಮ್ಮ ಕೂಟದ ಮಕ್ಕಳಿಗೆ ಆಟ ಕಲಿಸಿದ. ಅವನಿಗೊಂದು ಸನ್ಮಾನವೆಂದು ಒಂದು ಗಂಟೆ ದಾರಿಯ ಎಟೋಬಿಕೋದಲ್ಲಿ ಹಾಲ್ ಹಿಡಿದೆವು. ಪರಿಚಯ ಬರೆಯುವ ಕೆಲಸ ನನಗೆ ಬಿತ್ತು. ಸನ್ಮಾನದ ಪರಿಚಯವೆಂದರೆ ನಿಮಗೆ ಗೊತ್ತೇ ಇದೆ: ಶಾಲು, ಹಾರ, ಪೇಟ ಎಲ್ಲಕ್ಕಿಂತ ಭಾರ ಅದೇ. ಒಂದು ಮೊಣಕೈಗೆ ಯಾರು ಚಪ್ಪಾಳೆ ತಟ್ಟುತ್ತಾರೆ ಅನಿಸಿತು. ‘ಫ್ರಾನ್ಸ್ ದೇಶದ ಪರ ಆಡಿ, ಗೆಲುವಿನ ಗೋಲು ಹೊಡೆದ ವೀರ’ ಎಂದು ಬರೆದು, ನಾನೇ ಏರುದನಿಯಲ್ಲಿ ಓದಿದೆ.

ಸೂರು ಕಿತ್ತುಹೋಗುವಂಥ ಚಪ್ಪಾಳೆ. ಕನ್ನಡ ತಿಳಿಯದ ಎತಿಯೆನ್ ಕೂಡ ನಗುತ್ತ ತಟ್ಟಿದ. ಅವನ ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ಅವತ್ತು ಪ್ರತಿ ಮಾತನ್ನೂ ಅಚ್ಚುಕಟ್ಟಾಗಿ ಅವನ ಕಿವಿಯಲ್ಲಿ ಇಂಗ್ಲಿಷಿಗೆ ಇಳಿಸುತ್ತಿದ್ದಳು. ಅವನ ಕೈ ನಿಂತಿತು.

ಪೇಟ ತೊಟ್ಟೇ ಮೈಕಿನ ಮುಂದೆ ಬಂದ. “ನಾನು ದೇಶಕ್ಕೆ ಆಡಿಲ್ಲ. ಆ ಗೋಲು ನನ್ನದಲ್ಲ, ನನ್ನ ಗೆಳೆಯನದು. ಚೆಂಡು ಕೊಟ್ಟದ್ದು ಮಾತ್ರ ನಾನು” ಎಂದು ಹೇಳಿ ಕೂತ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಅವನನ್ನು ನನ್ನ ಕಾರಿನಲ್ಲೇ ಮನೆಗೆ ಕರೆತಂದೆ. ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನೇ ತಡೆಯಲಾರದೆ, “ಅದು ನಮ್ಮಲ್ಲಿ ಪದ್ಧತಿ, ಮರ್ಯಾದೆಗಾಗಿ ಹಾಗೆ ಹೇಳುತ್ತೇವೆ” ಎಂದೆ. ಅವನು ಸಿಟ್ಟಿಲ್ಲದೆ ಕೇಳಿದ: “ನಾನು ನಿಜವಾಗಿ ಆಡಿದ ಆಟ ನಿನಗೆ ಸಾಕಾಗಲಿಲ್ಲವೇ?”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೂರು ಭಾನುವಾರ ಆ ಗ್ಯಾರೇಜಿನ ಬಾಗಿಲು ಏಳಲಿಲ್ಲ. ನಾಲ್ಕನೆಯ ಭಾನುವಾರ, ಆಗಷ್ಟೇ ಮೊಣಕಾಲು ನೋವು ಹಿಡಿದಿದ್ದ ನಾನೇ ಕುಂಟುತ್ತ ಹೋಗಿ ಬಾಗಿಲು ಬಡಿದು, ತಪ್ಪಾಯಿತು ಎಂದೆ. ಅವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. “ನಿನ್ನದೂ ಎಡಗಾಲೇ?” ಎಂದು ಎಣ್ಣೆಯ ಬಾಟಲಿ ಕೈಗಿಟ್ಟು ಇನ್ನೊಂದು ಕುರ್ಚಿ ಎಳೆದ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ಬಾಟಲಿ ಮುಗಿದಾಗೆಲ್ಲ ಅದೇ ಎಣ್ಣೆಯನ್ನು ಹುಡುಕಿ ತರುತ್ತೇನೆ.

ಕೈ ಒರೆಸಿಕೊಂಡು ಕಾರ್ಯದರ್ಶಿಗೆ ಫೋನು ಮಾಡಿದೆ. “ಬರಕೋ ತಮ್ಮಾ. ಎಂಜಿನಿಯರ್ ಅಲ್ಲ. ಇಪ್ಪತ್ತೆರಡು ವರ್ಷ ಕಾರ್ ಫ್ಯಾಕ್ಟರಿ ಲೈನಿನ್ಯಾಗ ನಿಂತು, ಎಡಗಡೆ ಬಾಗಿಲಾ ಜೋಡಸೀನಿ.”

ಬೆಂಗಳೂರಿನ ಹುಡುಗ, ಗಾಬರಿಯಾದ. “ಸರ್, ಸ್ವಲ್ಪ ಗ್ರ್ಯಾಂಡ್ ಆಗಿರ್ಲಿ ಅಂತ... ಇಷ್ಟೇ ಸಾಕಾ ಸರ್?”

ಎಣ್ಣೆಯ ಘಾಟಿಗೋ ಏನೋ, ಕಣ್ಣಲ್ಲಿ ನೀರಾಡಿತು.

“ಸಾಕಪಾ,” ಎಂದೆ. “ನನಗ ಸಾಕು.”